ಎಸಳು ಕೆಳಗಿನಿಂದ ಜೋಡಿಸಬೇಕು: ಈಮ್ ಹಳ್ಳಿಯಲ್ಲಿ ಆರು ದಿನ

ಬುಧವಾರ

ಮಗಳು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನರ್ಸ್. ಆಗಸ್ಟ್ ಕೊನೆಯ ಆ ವಾರ ಅವಳಿಗೆ ಶುಕ್ರವಾರದವರೆಗೂ ಡ್ಯೂಟಿ. "ಅಮ್ಮಾ, ಮನೇಲಿ ಒಬ್ಬಳೇ ಕೂತು ಏನು ಮಾಡ್ತೀಯಾ, ಹೋಗಿ ಬಾ" ಅಂತ ಅವಳೇ ರೂಮ್ ಬುಕ್ ಮಾಡಿದಳು. ಊರು ಚಿಕ್ಕದಿರಲಿ, ಚರ್ಚು ನಡೆದು ಹೋಗುವಷ್ಟು ಹತ್ತಿರ ಇರಲಿ, ಇಷ್ಟೇ ನಾನು ಕೇಳಿದ್ದು. ಹಾಗೆ ಸಿಕ್ಕಿದ್ದು ಡರ್ಬಿಶೈರ್‌ನ ಈಮ್.

ನಾನು ತುಮಕೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ನಮ್ಮಮ್ಮ ಕೈಲಾಗುವವರೆಗೂ ಪ್ರತಿ ಶನಿವಾರ ಸಂಜೆ ಚರ್ಚಿಗೆ ಹೋಗಿ ಬಲಿಪೀಠಕ್ಕೆ ಹೂವು ಜೋಡಿಸುತ್ತಿದ್ದರು. ಹಾಗಾಗಿ ಎಲ್ಲಿಗೆ ಹೋದರೂ ನನಗೆ ಭಾನುವಾರದ ಆರಾಧನೆಗಿಂತ ಅದರ ಹಿಂದಿನ ದಿನಗಳನ್ನು ನೋಡುವ ಆಸೆ. ಪೊರಕೆ, ಬಕೆಟ್ಟು, ಬೀಗದ ಕೈ, ಹೂದಾನಿ. ಇವನ್ನೆಲ್ಲ ಯಾರು ಹಿಡಿದಿದ್ದಾರೆ ಅಂತ.

ಶೆಫೀಲ್ಡ್ ಬಿಟ್ಟ ಬಸ್ಸು ಸ್ವಲ್ಪ ಹೊತ್ತಿಗೇ ಬಯಲು ಗುಡ್ಡ ಹತ್ತಿತು. ಮರ ಇಲ್ಲ, ಮನೆ ಇಲ್ಲ. ಗುಡ್ಡದ ತುಂಬ ಹೀದರ್ ಹೂವು, ನೇರಳೆ ಬಣ್ಣ. ಚಿಕ್ಕಮಗಳೂರಿನ ಗಿರಿಯಲ್ಲಿ ಕುರಿಂಜಿ ಅರಳಿದಾಗ ನೋಡಿದ ಹಾಗೆಯೇ ಇತ್ತು. ಅಲ್ಲಿಂದ ಇಳಿದರೆ ಹಸಿರು ಕಣಿವೆ. ಗಾರೆ ಹಾಕದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ನಡುವೆ ಕುರಿಗಳು. ಇಳಿಯುವಾಗ ಬಿಸಿಲು, ಮನೆ ಬಾಗಿಲು ತಟ್ಟುವಷ್ಟರಲ್ಲಿ ಮಳೆ. ಅಲ್ಲಿಗೆ ಹೋಗುವವರು ಕೊಡೆಗಿಂತ ಟೋಪಿ ಇರುವ ಮಳೆ ಕೋಟು ಇಟ್ಟುಕೊಳ್ಳುವುದು ಒಳ್ಳೆಯದು. ಗಾಳಿಗೆ ನನ್ನ ಕೊಡೆ ಮೊದಲ ದಿನವೇ ಮುರಿಯಿತು.

ರೂಮ್ ಕೊಟ್ಟ ಮನೆಯಾಕೆಗೆ ಎಪ್ಪತ್ತು ದಾಟಿರಬಹುದು. ಟೀ ಕೊಡುತ್ತಾ, "ಒಳ್ಳೆ ವಾರ ಬಂದಿದ್ದೀರಿ. ನೀರಿನ ತಾಣಗಳಿಗೆ ಹೂವಿನ ಅಲಂಕಾರ ಮಾಡ್ತಾ ಇದ್ದೀವಿ. ಭಾನುವಾರ ಪ್ಲೇಗ್ ಸಂಡೇ, ಹಿಂದೆ ಪ್ಲೇಗಿನಲ್ಲಿ ಸತ್ತ ಊರವರ ನೆನಪಿನ ದಿನ. ಕೈ ಖಾಲಿ ಇದ್ದರೆ ನೀವೂ ಬನ್ನಿ" ಅಂದರು. ನನ್ನ ಕೈ ಖಾಲಿಯೇ ಇತ್ತು.

ಗುರುವಾರ

ಬೆಳಗ್ಗೆ ಸೇಂಟ್ ಲಾರೆನ್ಸ್ ಚರ್ಚಿಗೆ ಹೋದೆ. ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆ ಇದೆ. ಕಂಬದ ಒಂದು ತುಂಡು ಕಳೆದುಹೋಗಿ ಗಿಡ್ಡವಾಗಿದೆ, ಆದರೆ ಕೆತ್ತನೆಯ ಬಳ್ಳಿಸುರುಳಿಗಳು ಇನ್ನೂ ಬೆರಳಿಗೆ ಸಿಗುತ್ತವೆ. ಗೋಡೆಯ ಮೇಲೆ 1775ರ ಸೂರ್ಯ ಗಡಿಯಾರ. ಹಿಂದುಗಡೆ ಹ್ಯಾರಿ ಬ್ಯಾಗ್‌ಶಾ ಅನ್ನುವ ಕ್ರಿಕೆಟ್ ಆಟಗಾರನ ಸಮಾಧಿ. ಡರ್ಬಿಶೈರ್ ತಂಡಕ್ಕೆ ಆಡಿ, ಆಮೇಲೆ ಅಂಪೈರ್ ಆಗಿ, 1927ರಲ್ಲಿ ತೀರಿಕೊಂಡವರು. ಕಲ್ಲಿನ ಮೇಲೆ ಬ್ಯಾಟು, ಚೆಂಡು, ಬಿದ್ದ ವಿಕೆಟ್ಟು. ಅದರ ಮೇಲೆ ಆಕಾಶಕ್ಕೆ ಎತ್ತಿದ ಅಂಪೈರಿನ ಒಂದು ಬೆರಳು. ಅಲ್ಲಿ ತುಂಬ ಹೊತ್ತು ನಿಂತೆ.

ಒಳಗೆ ನಾಲ್ಕು ಜನ ಕೆಲಸದಲ್ಲಿದ್ದರು. ಒಬ್ಬರು ಹಿತ್ತಾಳೆ ತಿಕ್ಕುತ್ತಿದ್ದರು. ಇಬ್ಬರು ಮಂಡಿಯೂರುವ ದಿಂಬುಗಳನ್ನು ಹೊರಗೆ ತಂದು ಕೊಡವುತ್ತಿದ್ದರು. ಒಂದೊಂದು ದಿಂಬಿನ ಮೇಲೂ ಕೈಯಲ್ಲಿ ಹಾಕಿದ ಕಸೂತಿ. ಬಾಗಿಲ ಹತ್ತಿರ ಒಂದು ಬುಟ್ಟಿ. ಅದರಲ್ಲಿ ಬೀನ್ಸ್ ಡಬ್ಬಿ, ಪಾಸ್ತಾ, ಟೀ ಪುಡಿ. ಕಷ್ಟದಲ್ಲಿರುವ ಮನೆಗಳಿಗೆ ಕಳಿಸುವುದಕ್ಕೆ. ಬರುವವರು ಅಂಗಡಿಯಿಂದ ಏನಾದರೂ ಒಂದು ತಂದು ಸುಮ್ನೆ ಹಾಕಿ ಹೋಗುತ್ತಾರೆ.

ಹಿತ್ತಾಳೆ ತಿಕ್ಕುತ್ತಿದ್ದವರು ಚರ್ಚ್ ವಾರ್ಡನ್, ಅಂದರೆ ಚರ್ಚನ್ನು ನೋಡಿಕೊಳ್ಳಲು ಸಭೆಯವರೇ ಆರಿಸಿದವರು. ಕಪ್ಪಾದ ಬೆರಳಲ್ಲೇ ಟೀ ಮಾಡಿ ಕೊಟ್ಟರು. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಚರ್ಚು ಅಂದರೆ ರಾಜರ ಚರ್ಚು, ಖರ್ಚೆಲ್ಲ ಸರ್ಕಾರದ್ದು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಛಾವಣಿ ಸೋರಿದರೆ ಊರವರೇ ದುಡ್ಡು ಹೊಂದಿಸಬೇಕು. ಬಿಷಪ್ಪರ ಆಡಳಿತದ ಡಯಾಸಿಸ್‌ಗೂ ಪಾಲು ಕೊಡಬೇಕು. ಪಾದ್ರಿಗಳು ಕಡಿಮೆ, ಹಳ್ಳಿಗಳು ಜಾಸ್ತಿ. ಒಬ್ಬರೇ ನಾಲ್ಕೈದು ಊರು ನೋಡಿಕೊಳ್ಳುವುದು ಈಗ ಮಾಮೂಲಂತೆ. ಹಾಗಾಗಿ ಬಾಗಿಲು ತೆಗೆಯುವುದು, ಲೆಕ್ಕ ಬರೆಯುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು, ಎಲ್ಲಾ ಸಭೆಯವರದ್ದೇ. "ಪಾದ್ರಿಗಳು ಬರ್ತಾರೆ, ಹೋಗ್ತಾರೆ. ಬೀಗದ ಕೈ ನಮ್ಮ ಹತ್ತಿರ ಇರುತ್ತೆ" ಅಂದರು ಆಕೆ. ನಮ್ಮ ಕಡೆಯ ಹಳ್ಳಿ ಸಭೆಗಳೂ ಹೀಗೇ ಅಲ್ವಾ? ಅಯ್ಯನವರು ತಿಂಗಳಿಗೆ ಒಂದೋ ಎರಡೋ ಸಲ ಬಂದರೂ ಗಂಟೆ ತಪ್ಪುವುದಿಲ್ಲ.

ಈ ಊರಿನ ಕಥೆ ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ. 1665ರ ಬೇಸಿಗೆಯ ಕೊನೆಯಲ್ಲಿ ಇಲ್ಲಿನ ದರ್ಜಿಯೊಬ್ಬರ ಮನೆಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ತೇವ ಆಗಿತ್ತು ಅಂತ ಒಲೆ ಮುಂದೆ ಹರಡಿದರು. ಪ್ಲೇಗಿನ ಚಿಗಟ ಅದರಲ್ಲಿತ್ತು ಅಂತ ಹೇಳುತ್ತಾರೆ. ಅಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ವಿಕರ್ಸ್ ಮೊದಲು ಸತ್ತವರು. ಸೆಪ್ಟೆಂಬರ್ 7ಕ್ಕೆ ಅವರ ಮಣ್ಣಾಯಿತು.

ಆಗಿನ ರೆಕ್ಟರ್, ಅಂದರೆ ಊರಿನ ಪಾದ್ರಿ, ವಿಲಿಯಂ ಮಾಂಪೆಸನ್. ವಯಸ್ಸು 28. ಊರಿಗೆ ಹೊಸಬರು. ಊರವರಿಗೆ ಅವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ನಂಬಿಕೆ ಇದ್ದದ್ದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. 1662ರ ಹೊಸ ಪ್ರಾರ್ಥನಾ ಪುಸ್ತಕವನ್ನು ಒಪ್ಪದೆ ಕೆಲಸ ಕಳೆದುಕೊಂಡವರು ಅವರು. ಇಬ್ಬರದ್ದೂ ಬೇರೆ ಬೇರೆ ದಾರಿ. ಆದರೆ 1666ರ ಜೂನ್‌ನಲ್ಲಿ ಇಬ್ಬರೂ ಒಟ್ಟಿಗೆ ನಿಂತು ಊರವರಿಗೆ ಮೂರು ಮಾತು ಹೇಳಿದರು. ಸತ್ತವರನ್ನು ಅವರವರ ಮನೆಯವರೇ ಹೊಲದಲ್ಲೋ ಹಿತ್ತಲಲ್ಲೋ ಹೂಳಬೇಕು. ಚರ್ಚು ಮುಚ್ಚಿ ಬಯಲಲ್ಲಿ ಆರಾಧನೆ ಮಾಡಬೇಕು. ರೋಗ ಬೇರೆ ಊರಿಗೆ ಹರಡದ ಹಾಗೆ ಯಾರೂ ಗಡಿ ದಾಟಬಾರದು. ಊರು ಒಪ್ಪಿತು. ಆ ಹದಿನಾಲ್ಕು ತಿಂಗಳಲ್ಲಿ ಸತ್ತವರು ಸುಮಾರು 260 ಜನ. ಮಾಂಪೆಸನ್ ಅವರ ಹೆಂಡತಿ ಕ್ಯಾಥರೀನ್ ಕೂಡ ಆ ಆಗಸ್ಟ್‌ನಲ್ಲಿ ಹೋದರು. ಶಿಲುಬೆಯ ಹತ್ತಿರವೇ ಅವರ ಸಮಾಧಿ.

ನಮ್ಮಜ್ಜಿ ಪ್ಲೇಗಿನ ಮಾತು ಹೇಳುತ್ತಿದ್ದರು. "ಇಲಿ ಬಿತ್ತು ಅಂದ್ರೆ ಊರು ಬಿಡ್ಬೇಕು." ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆಯೇ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು. ಪ್ಲೇಗಮ್ಮನ ಗುಡಿಗಳು ನಮ್ಮಲ್ಲಿ ಇನ್ನೂ ಇವೆ. ನಾವು ಊರು ಬಿಟ್ಟು ಉಳಿದೆವು. ಇವರು ಊರು ಬಿಡದೆ ಪಕ್ಕದ ಊರುಗಳನ್ನು ಉಳಿಸಿದರು. ಎರಡಕ್ಕೂ ಎಷ್ಟು ಧೈರ್ಯ ಬೇಕು.

ಮಧ್ಯಾಹ್ನ ಸ್ಟೋನಿ ಮಿಡಲ್‌ಟನ್ ಕಡೆಯ ಕಾಲುದಾರಿ ಹಿಡಿದು ಗಡಿಕಲ್ಲು ನೋಡಲು ಹೋದೆ. ಹೊಲದ ನಡುವೆ ಒಂದು ದೊಡ್ಡ ಬಂಡೆ. ಅದರ ಮೇಲೆ ಆರು ಕುಳಿಗಳು. ನಾಣ್ಯದಿಂದ ಸೋಂಕು ಹರಡದಿರಲಿ ಅಂತ ಆ ಕುಳಿಗಳಲ್ಲಿ ವಿನಿಗರ್ ತುಂಬಿ, ಈಮ್‌ನವರು ಅದರೊಳಗೆ ನಾಣ್ಯ ಹಾಕಿ ಹೋಗುತ್ತಿದ್ದರು. ಪಕ್ಕದ ಊರವರು ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಒಂದು ಕುಳಿಗೆ ಬೆರಳು ಹಾಕಿ ನೋಡಿದೆ. ಮಳೆ ನೀರು ತಣ್ಣಗಿತ್ತು. ಅಂಚು ಎಷ್ಟೋ ಕೈಗಳಿಂದ ಸವೆದು ನುಣ್ಣಗಾಗಿತ್ತು. ಯಾರೋ ತಾಮ್ರದ ನಾಣ್ಯ ಹಾಕಿದ್ದರು. ಬರುವಾಗ ಕಲ್ಲಿನ ಮೆಟ್ಟಿಲು ಇಳಿಯುತ್ತಾ ಜಾರಿ ಬಿದ್ದೆ. ಮಂಡಿ ತರಚಿತು. ಅಲ್ಲಿನ ಸುಣ್ಣಕಲ್ಲು ನೆನೆದರೆ ಸೋಪಿನ ಹಾಗೆ. ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕೇ ಬೇಕು.

ಶುಕ್ರವಾರ

ಇಡೀ ದಿನ ಒಂದು ಶೆಡ್ಡಿನಲ್ಲಿ ಕಳೆಯಿತು.

ಈಮ್‌ನಲ್ಲಿ 1588ರಲ್ಲೇ ಚಿಲುಮೆಯ ನೀರನ್ನು ಕೊಳವೆಯಲ್ಲಿ ತಂದು ಬೀದಿಯ ಕಲ್ಲಿನ ತೊಟ್ಟಿಗಳಿಗೆ ಬಿಟ್ಟಿದ್ದರಂತೆ. ಡರ್ಬಿಶೈರ್‌ನ ಈ ಭಾಗದ ಹಳ್ಳಿಗಳಲ್ಲಿ ನೀರಿನ ತಾಣಕ್ಕೆ ವರ್ಷಕ್ಕೊಮ್ಮೆ ಹೂವಿನ ಚಿತ್ರ ಇಡುತ್ತಾರೆ. ನೀರು ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ. ದೊಡ್ಡ ಮರದ ಹಲಗೆಗೆ ಮೊಳೆ ಹೊಡೆದು ದಿನಗಟ್ಟಲೆ ನೀರಲ್ಲಿ ನೆನೆಸುತ್ತಾರೆ. ಜೇಡಿಮಣ್ಣಿಗೆ ನೀರು, ಉಪ್ಪು ಸೇರಿಸಿ ಕಾಲಲ್ಲಿ ತುಳಿದು ಹದ ಮಾಡುತ್ತಾರೆ. ಉಪ್ಪು ಇದ್ದರೆ ಬೇಗ ಒಣಗುವುದಿಲ್ಲ. ಮಣ್ಣನ್ನು ಹಲಗೆಗೆ ಮೆತ್ತಿ, ಚಿತ್ರದ ಕಾಗದ ಹರಡಿ, ಗೆರೆಗಳ ಮೇಲೆ ಸೂಜಿಯಿಂದ ಚುಚ್ಚುತ್ತಾರೆ. ಆ ಚುಕ್ಕಿಗಳ ಮೇಲೆ ಕಾಫಿ ಬೀಜ, ಆಲ್ಡರ್ ಮರದ ಸಣ್ಣ ಕಾಯಿ ಒತ್ತಿ ಗೆರೆ ಎಳೆಯುತ್ತಾರೆ. ಒಳಗೆ ಪಾಚಿ, ಬೀಜ, ಎಲೆ, ಕೊನೆಗೆ ಎಸಳು. ಪ್ಲಾಸ್ಟಿಕ್ಕಿಗೆ ಅಲ್ಲಿ ಜಾಗವಿಲ್ಲ. ಕಾಫಿ ಬೀಜ ಕೈಗೆ ತಗೊಂಡಾಗ ಮನೆಯ ವಾಸನೆ ಬಂತು. "ನಮ್ಮ ರಾಜ್ಯದಲ್ಲಿ ಇದನ್ನು ಬೆಳೀತಾರೆ" ಅಂದೆ. ಎಲ್ಲರೂ ಒಂದೊಂದು ಬೀಜ ಮೂಸಿ ನೋಡಿದರು.

ನನಗೆ ಆಕಾಶದ ಒಂದು ಭಾಗ ಕೊಟ್ಟರು. ಹೈಡ್ರೇಂಜಿಯಾದ ನೀಲಿ ಎಸಳು. ಒಂದೊಂದೇ ತಗೊಂಡು, ಹೆಬ್ಬೆರಳಿನ ತುದಿಯಿಂದ ಮಣ್ಣಿಗೆ ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಎಸಳು ಕಲೆಯಾಗುತ್ತದೆ, ಮೆಲ್ಲಗಾದರೆ ಉದುರುತ್ತದೆ. ನಾನು ಮೇಲಿನಿಂದ ಶುರು ಮಾಡಿ ಒಂದು ಗಂಟೆ ಜೋಡಿಸಿದೆ. ಪಕ್ಕದಲ್ಲಿದ್ದ ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಚೆನ್ನಾಗಿದೆ. ಆದರೆ ಮಳೆ ಬಂದರೆ ನೀರು ಒಳಕ್ಕೆ ಹೋಗುತ್ತೆ. ಹೆಂಚು ಹೊದಿಸೋ ಹಾಗೆ ಕೆಳಗಿನಿಂದ ಬರಬೇಕು. ಮೇಲಿನದು ಕೆಳಗಿನದರ ತಲೆ ಮುಚ್ಚಬೇಕು." ಚಿಮುಟದಲ್ಲಿ ಎಲ್ಲಾ ತೆಗೆದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ, ನನ್ನ ಜೊತೆಯೇ ಕೂತು ಮತ್ತೆ ಜೋಡಿಸಿದರು. ಅಷ್ಟು ಹೊತ್ತಲ್ಲಿ ಅವರ ಗಂಡ ಹೋಗಿದ್ದು, ಮಕ್ಕಳು ದೂರದ ಊರಲ್ಲಿರುವುದು, ಈ ಹಲಗೆಗೆ ಎಷ್ಟೋ ವರ್ಷದಿಂದ ಕೈ ಹಾಕುತ್ತಿರುವುದು, ಎಲ್ಲಾ ಹೇಳಿದರು. ಆಕಾಶ ಅಂಗೈ ಅಗಲ ಆಯಿತು.

ಸಂಜೆ ಗಂಟೆ ಬಾರಿಸುವವರ ಅಭ್ಯಾಸ. ಕರೆದರು, ಗೋಪುರದ ಕೋಣೆಯ ಮೂಲೆಯಲ್ಲಿ ಕೂತೆ. ಇಲ್ಲಿ ಗಂಟೆಗೆ ರಾಗ ಇಲ್ಲ, ಸರದಿ ಇದೆ. ಹಗ್ಗ ಎಳೆದರೆ ಗಂಟೆ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು, ಪ್ರತಿ ಸುತ್ತಿಗೂ ಯಾರ ಹಿಂದೆ ಯಾರು ಅನ್ನುವುದನ್ನು ಬದಲಿಸುತ್ತಾ ಹೋಗುತ್ತಾರೆ. ಗೋಪುರದಲ್ಲಿ ಆರು ಗಂಟೆಗಳಿದ್ದರೆ ಸರದಿ ಬದಲಿಸಿ 720 ಥರ ಬಾರಿಸಬಹುದು, ಒಂದೂ ಎರಡನೇ ಸಲ ಬರದ ಹಾಗೆ. ಮುಂದೆ ಕಾಗದ ಇಲ್ಲ, ಎಲ್ಲಾ ನೆನಪು. ಒಬ್ಬರ ಕಣ್ಣು ಇನ್ನೊಬ್ಬರ ಹಗ್ಗದ ಮೇಲೆ. ಹಗ್ಗದ ಮಧ್ಯೆ ಹಿಡಿಯುವ ಕಡೆ ಉಣ್ಣೆಯ ದಪ್ಪ ಹಿಡಿ, ಅದು ಕೈಯಿಂದ ಛಾವಣಿಯವರೆಗೂ ಹಾರಿ ಮತ್ತೆ ಕೈಗೇ ಬರುತ್ತದೆ. ಅವರಲ್ಲಿ ಒಬ್ಬರು ಹೇಳಿದರು: "ನನಗೆ ದೇವರ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ. ಆದರೆ ಭಾನುವಾರ ಈ ಗಂಟೆ ಸುಮ್ಮನಿದ್ದರೆ ನನಗೆ ನಿದ್ದೆ ಬರಲ್ಲ." ಅವರನ್ನು ಯಾರೂ ಏನೂ ಕೇಳುವುದಿಲ್ಲ. ಹಗ್ಗ ಅವರದ್ದೇ.

ಶನಿವಾರ

ಬೆಳಗಿನ ತಿಂಡಿಗೆ ಡರ್ಬಿಶೈರ್ ಓಟ್‌ಕೇಕ್. ಹೆಸರು ಕೇಕ್, ನೋಡಿದರೆ ದೋಸೆ. ಓಟ್ಸ್ ಹಿಟ್ಟು ಕಲಸಿ, ಹುಳಿ ಬರಿಸಿ, ಕಾವಲಿ ಮೇಲೆ ಹುಯ್ದದ್ದು. ತೂತು ತೂತಾಗಿ, ಮೆತ್ತಗೆ. ಮನೆಯಾಕೆ ಚೀಸ್ ಹಾಕಿ ಕೊಟ್ಟರು. ನಾನು ಬ್ಯಾಗಿನಿಂದ ಚಟ್ನಿಪುಡಿ ತೆಗೆದೆ. ಅವರೂ ಎರಡು ಸಲ ಹಾಕಿಸಿಕೊಂಡರು.

ಮಗಳು ಮೊದಲ ಬಸ್ಸಿಗೇ ಬಂದಳು. ಹಲಗೆಗಳನ್ನು ಹೊತ್ತು ತಂದು ನಿಲ್ಲಿಸಿದ್ದರು. ಮಣ್ಣು ಸೇರಿ ಅವು ಎಷ್ಟು ಭಾರ ಅಂದರೆ ಎಂಟು ಗಂಡಸರು ಕೈ ಕೊಟ್ಟಿದ್ದರು. ಆಶೀರ್ವಾದಕ್ಕೆ ಊರಿಗೆ ಊರೇ ಬೀದಿಯಲ್ಲಿ ಸೇರಿತ್ತು. ಮಕ್ಕಳು ಮುಂದೆ, ಗಾಲಿ ಕುರ್ಚಿಯವರು ಅವರ ಪಕ್ಕ. ಒಂದು ಕೀರ್ತನೆ, ಒಂದು ಪ್ರಾರ್ಥನೆ. ನನ್ನ ಅಂಗೈ ಅಗಲದ ಆಕಾಶವನ್ನು ಮಗಳಿಗೆ ತೋರಿಸಿದೆ. "ಅಜ್ಜಿ ಇದ್ದಿದ್ರೆ ಇಡೀ ಹಲಗೆ ಅವರೇ ಮಾಡಿಬಿಡೋರು" ಅಂದಳು.

ಮಧ್ಯಾಹ್ನ ಇಬ್ಬರೂ ರೈಲಿ ಸಮಾಧಿಗಳಿಗೆ ನಡೆದೆವು. ಊರಿನಿಂದ ಅರ್ಧ ಮೈಲಿ, ಏರುದಾರಿ. ಹೊಲದ ನಡುವೆ ದುಂಡಗೆ ಕಟ್ಟಿದ ಕಲ್ಲಿನ ಗೋಡೆ. ಒಳಗೆ ಹ್ಯಾನ್‌ಕಾಕ್ ಮನೆತನದ ಏಳು ಜನರ ಕಲ್ಲುಗಳು. 1666ರ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ತನ್ನ ಕೈಯಾರೆ ಹೂತಳು. ಹತ್ತಿರ ಬರಲು ಎಲ್ಲರಿಗೂ ಭಯ. ಆಮೇಲೆ ಶೆಫೀಲ್ಡ್‌ನಲ್ಲಿ ಉಳಿದಿದ್ದ ಒಬ್ಬ ಮಗನ ಹತ್ತಿರ ಹೋದಳಂತೆ.

ನಮ್ಮಮ್ಮ ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಲ್ಲಿ. ಮಣ್ಣಿಗೆ ನಾಲ್ಕೇ ಜನ. ಅಷ್ಟು ವರ್ಷ ಚರ್ಚಿಗೆ ಹೂವು ಜೋಡಿಸಿದವರಿಗೆ ಆವತ್ತು ಒಂದು ಹಾರ ಸಿಗಲಿಲ್ಲ, ಪೇಟೆ ಮುಚ್ಚಿತ್ತು. ಮಗಳು ಆಗ ಇಲ್ಲೇ ವಾರ್ಡಿನಲ್ಲಿ ಇದ್ದಳು, ಬರಲು ಆಗಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಸರಿಯಾಗಿ ಬಂದೇ ಇರಲಿಲ್ಲ. ಆ ಗೋಡೆಯ ಒಳಗೆ ಕೂತು ಆಡಿದೆವು. ಅವಳು ಹುಲ್ಲಿನಿಂದ ಬಿಳಿ ಹೂ ಕಿತ್ತು ಒಂದೊಂದು ಕಲ್ಲಿನ ಮೇಲೂ ಒಂದೊಂದು ಇಟ್ಟಳು. ಕುರಿಗಳು ಗೋಡೆಗೆ ಮೈ ಉಜ್ಜಿಕೊಂಡು ನಿಂತಿದ್ದವು.

ವಾಪಸ್ ಬರುವಷ್ಟರಲ್ಲಿ ಸಂಜೆ. ಚರ್ಚಿನಲ್ಲಿ ಆ ವಾರದ ಹೂವಿನ ಸರದಿಯವರು ಬಕೆಟ್ಟಿನ ಪಕ್ಕ ಕೂತಿದ್ದರು. ಗೋಡೆಗೆ ಅಂಟಿಸಿದ ಕಾಗದದಲ್ಲಿ ವರ್ಷದ ಎಲ್ಲಾ ಭಾನುವಾರಗಳಿದ್ದವು. ಎದುರಿಗೆ ಹೆಸರು. ಕೆಲವು ಹೆಸರು ಮೂರು ಮೂರು ಕಡೆ. ನಾವು ಡೇಲಿಯಾದ ಕಾಂಡ ಕತ್ತರಿಸಿ ಕೊಟ್ಟೆವು.

ಭಾನುವಾರ

ಬೆಳಗಿನ ಪ್ರಭುಭೋಜನದ ಆರಾಧನೆಗೆ ನಲವತ್ತರ ಹತ್ತಿರ ಜನ. ತಲೆ ನೆರೆತವರೇ ಜಾಸ್ತಿ, ಆದರೆ ಹಿಂದಿನ ಬೆಂಚಿನಲ್ಲಿ ಎರಡು ಮನೆಯ ಮಕ್ಕಳು ಬಣ್ಣದ ಪೆನ್ಸಿಲ್ ಹಿಡಿದು ಕೂತಿದ್ದರು. ಆರಾಧನೆ ನಡೆಸಿದ್ದು ಆವತ್ತು ಬೇರೆ ಊರಿಂದ ಬಂದಿದ್ದ ನಿವೃತ್ತ ಪಾದ್ರಿ. ಕಾಣಿಕೆಗೆ ತಟ್ಟೆಯೂ ಇದೆ, ಕಾರ್ಡ್ ತೋರಿಸುವ ಯಂತ್ರವೂ ಇದೆ. ಕರ್ತನ ಪ್ರಾರ್ಥನೆ ಬಂದಾಗ ನಾನು ಮೆಲ್ಲಗೆ ಕನ್ನಡದಲ್ಲೇ ಹೇಳಿದೆ. "ಆಮೆನ್" ಎಲ್ಲರದ್ದೂ ಒಟ್ಟಿಗೆ ಬಂತು.

ಒಬ್ಬರಿಗೊಬ್ಬರು ದೇವರ ಸಮಾಧಾನ ಕೋರುವ ಹೊತ್ತಿಗೆ ಅಭ್ಯಾಸಬಲದಿಂದ ಪಕ್ಕದವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ಆರಾಧನೆ ಮುಗಿದು ಟೀ ಕುಡಿಯುವಾಗ ಪಾದ್ರಿಗಳು ಹತ್ತಿರ ಬಂದು, "ನೀವು ಸೌತ್ ಇಂಡಿಯಾ ಸಭೆಯವರಾ?" ಅಂತ ಕೇಳಿದರು. ಕೈ ನೋಡಿ ಗೊತ್ತಾಯಿತಂತೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಸೇರಿ ಸಿಎಸ್‌ಐ ಆಯಿತಲ್ಲ. ಅದರ 1950ರ ಆರಾಧನಾ ಕ್ರಮದಲ್ಲಿ ಕೇರಳದ ಸುರಿಯಾನಿ ಕ್ರೈಸ್ತರ ರೂಢಿಯಿಂದ ಈ ಕೈ ಹಿಡಿಯುವ ಕ್ರಮವನ್ನು ತಂದರು. ಆಂಗ್ಲಿಕನ್ನರ 1662ರ ಪ್ರಾರ್ಥನಾ ಪುಸ್ತಕದಲ್ಲಿ ಅದು ಇರಲಿಲ್ಲ. "ಈಗ ನಾವಿಲ್ಲಿ ಒಬ್ಬರಿಗೊಬ್ಬರು ಕೈ ಕೊಡೋದರಲ್ಲಿ ನಿಮ್ಮವರ ಪಾಲೂ ಇದೆ" ಅಂದರು. ಪಕ್ಕದಲ್ಲಿ ಶೆಡ್ಡಿನ ಅಜ್ಜಿ ಇದ್ದರು. ಅವರಿಗೆ ಹೇಗೆ ಹಿಡಿಯುವುದು ಅಂತ ತೋರಿಸಿದೆ. ಜೇಡಿಮಣ್ಣು ಇನ್ನೂ ಅವರ ಉಗುರಲ್ಲಿತ್ತು, ನನ್ನ ಉಗುರಲ್ಲೂ.

ಮಧ್ಯಾಹ್ನ ಕ್ಯಾಥರೀನ್ ಸಮಾಧಿಗೆ ಹೂವಿನ ಚಕ್ರ ಇಟ್ಟಿದ್ದನ್ನು ನೋಡಿ, ಎಲ್ಲರ ಜೊತೆ ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫ್‌ಗೆ ನಡೆದೆವು. 1666ರಲ್ಲಿ ಚರ್ಚು ಮುಚ್ಚಿದಾಗ ಊರು ಸೇರುತ್ತಿದ್ದ ತಗ್ಗು ಅದು. ಹುಲ್ಲಿನ ಇಳಿಜಾರು, ಒಂದು ಕಡೆ ಸುಣ್ಣಕಲ್ಲಿನ ಬಂಡೆಯಲ್ಲಿ ತಾನಾಗಿ ಆದ ಕಮಾನು. ಇಳಿಜಾರು ಕಡಿದಾಗಿದೆ, ಮೊಣಕಾಲು ನೋವಿನವರು ಕೋಲು ತರಬೇಕು. ಕೂರಲು ಕಂಬಳಿಯೂ ಬೇಕು. ನಾವು ತಂದಿರಲಿಲ್ಲ. ಹಿಂದೆ ಕೂತಿದ್ದ ಮನೆಯವರು ಅವರ ಕಂಬಳಿಯನ್ನು ನಮ್ಮ ಕಡೆಗೂ ಎಳೆದರು.

ಬ್ಯಾಂಡ್ ಕೀರ್ತನೆ ನುಡಿಸಿತು. ಪ್ರಸಂಗದ ನಡುವೆ ಮಳೆ ಬಂತು. ಹತ್ತು ನಿಮಿಷ ಸರಿಯಾಗಿ ಹೊಡೆಯಿತು. ಯಾರೂ ಏಳಲಿಲ್ಲ. ಆಗ ಇಲ್ಲಿ ಮನೆ ಮನೆಯವರು ದೂರ ದೂರ ಕೂರುತ್ತಿದ್ದರಂತೆ, ಸೋಂಕು ತಾಗಬಾರದು ಅಂತ. ವಾರದಿಂದ ವಾರಕ್ಕೆ ನಡುವಿನ ಜಾಗ ಖಾಲಿಯಾಗುತ್ತಾ ಹೋಗಿರಬೇಕು. ನಾವು ಎಂಟು ಜನ ಒಂದೇ ಕಂಬಳಿಯ ಮೇಲೆ ಒತ್ತಿಕೊಂಡು ಕೂತಿದ್ದೆವು. ಮಗಳು ನನ್ನ ತೋಳು ಹಿಡಿದಿದ್ದಳು.

ಸೋಮವಾರ

ಬೆಳಗ್ಗೆ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲೇ ಹಲಗೆ ಇತ್ತು. ಅದು ಸುಮಾರು ಒಂದು ವಾರ ಇರುತ್ತದೆ. ಆಮೇಲೆ ಎಸಳು ಕಂದುತ್ತದೆ, ಮಣ್ಣು ಬಿರಿಯುತ್ತದೆ, ಬಿಚ್ಚುತ್ತಾರೆ. ಅಜ್ಜಿ ಅಷ್ಟು ಹೊತ್ತಿಗೇ ಬಂದು, ನೀರಿನ ಸ್ಪ್ರೇ ಹಿಡಿದು ಮಣ್ಣು ತೇವ ಮಾಡುತ್ತಿದ್ದರು. ನಿನ್ನೆಯ ಮಳೆಗೆ ಆಕಾಶ ಏನೂ ಆಗಿರಲಿಲ್ಲ. ನೀರು ಎಸಳಿನ ಮೇಲಿಂದ ಎಸಳಿಗೆ ಇಳಿದು ಹೋಗಿತ್ತು. ಅಂಚಿನಲ್ಲಿ ಮಾತ್ರ ಎರಡು ಕಂದಿದ್ದವು. ಅವರ ಜೇಬಿನಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಹೊಸ ಎಸಳು. ಚಿಮುಟ ನನ್ನ ಕೈಗೆ ಕೊಟ್ಟರು.

ಬಸ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಬ್ಯಾಗು ಮಗಳ ಕೈಗೆ ಕೊಟ್ಟು, ಕೆಳಗಿನದನ್ನು ಮೊದಲು ತೆಗೆದೆ.